ಮೂರನೆಯ ಮನೆ

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬುದು ಗಾದೆ. ತವರು ಒಂದು ಮನೆ, ಅತ್ತೆಯದು ಇನ್ನೊಂದು. ಗಂಡನನ್ನು ಕಳೆದುಕೊಂಡೋ, ಅವನ ಹೊಡೆತವನ್ನು ತಾಳಲಾರದೆಯೋ, ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಹೊರಬಿದ್ದವಳಿಗೆ ಈ ಎರಡು ಬಾಗಿಲುಗಳೂ ಮುಚ್ಚಿದರೆ ಗತಿಯೇನು? ಅಂಥವಳಿಗಾಗಿ ಮೂರನೆಯದೊಂದು ಮನೆ ಬೇಕೆಂದು ಮೊದಮೊದಲು ಕಂಡುಕೊಂಡವರಲ್ಲೊಬ್ಬರು ಕನ್ನಡ ನಾಡಿನ ಮಲೆಯಲ್ಲಿ ಹುಟ್ಟಿದವರು.

ಪಂಡಿತಾ ರಮಾಬಾಯಿ ಜನಿಸಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಜನರ ವಿರೋಧವನ್ನು ಲೆಕ್ಕಿಸದೆ ಮಡದಿಗೆ ಸಂಸ್ಕೃತ ಕಲಿಸಿದರು. ಆಕೆ ಮಗಳಿಗೆ ಕಲಿಸಿದರು. ತಂದೆತಾಯಿಯರನ್ನು ಕ್ಷಾಮ ನುಂಗಿತು. 1882ರಲ್ಲಿ ಗಂಡನೂ ತೀರಿಕೊಂಡಾಗ ರಮಾಬಾಯಿಯವರ ಮಡಿಲಲ್ಲಿ ಮನೋರಮೆಯೆಂಬ ಹಸುಗೂಸು. ನಿರಾಶ್ರಿತೆಯ ಪಾಡನ್ನು ಅವರು ಪುಸ್ತಕದಿಂದ ಅರಿಯಬೇಕಾಗಿರಲಿಲ್ಲ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಅವರು ತೆರೆದ ‘ಶಾರದಾ ಸದನ’ ಮರುವರ್ಷವೇ ಪುಣೆಗೆ ಬಂದಿತು. ಅದು ಅನ್ನಛತ್ರವಾಗಿರಲಿಲ್ಲ. ಬಂದವಳು ಓದನ್ನೂ ಕಸಬನ್ನೂ ಕಲಿತು ತನ್ನ ಕಾಲ ಮೇಲೆ ನಿಂತು ಹೊರಡಬೇಕೆಂಬುದೇ ಅದರ ಗುರಿ. ಆದರೆ ರಮಾಬಾಯಿಯವರು 1883ರಲ್ಲಿ ಕ್ರೈಸ್ತರಾಗಿದ್ದರು. ಸದನದ ಹೆಣ್ಣುಮಕ್ಕಳೂ ಆ ಮತದತ್ತ ಒಲಿಯುತ್ತಿರುವರೆಂಬ ಕೋಲಾಹಲವೆದ್ದು, 1893ರಲ್ಲಿ ಅನೇಕ ಪೋಷಕರು ತಮ್ಮವರನ್ನು ಬಿಡಿಸಿಕೊಂಡು ಹೋದರು. ಆಶ್ರಯಕ್ಕೆ ಗೋಡೆ ಎಷ್ಟು ಮುಖ್ಯವೋ ನಂಬಿಕೆಯೂ ಅಷ್ಟೇ ಮುಖ್ಯವೆಂಬುದಕ್ಕೆ ಈ ಘಟನೆ ಸಾಕ್ಷಿ.

ದೀಪ ಮಾತ್ರ ಆರಲಿಲ್ಲ. ಸದನದ ಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಎಂಬ ಬಾಲವಿಧವೆಯಿದ್ದರು. 1893ರಲ್ಲಿ ಅವರ ಕೈಹಿಡಿದವರು ಫರ್ಗ್ಯುಸನ್ ಕಾಲೇಜಿನ ಗಣಿತದ ಅಧ್ಯಾಪಕ ಧೋಂಡೋ ಕೇಶವ ಕರ್ವೆ. ಸ್ವಂತ ಊರು ಮುರುಡ ದಂಪತಿಗಳಿಗೆ ಬಹಿಷ್ಕಾರ ಹಾಕಿತು. ಕರ್ವೆಯವರು ಎದೆಗುಂದದೆ 1896ರಲ್ಲಿ ವಿಧವೆಯರಿಗಾಗಿ ಆಶ್ರಮವನ್ನಾರಂಭಿಸಿದರು. 1900ರಲ್ಲಿ ಅದು ಪುಣೆಯ ಹೊರಗಿನ ಹಿಂಗಣೆಗೆ ಹೋಯಿತು. ಅಲ್ಲಿದ್ದದ್ದು ಒಂದು ಗುಡಿಸಲು. ಕಾಲೇಜಿನ ಪಾಠ ಮುಗಿಸಿ, ಕಾಲ್ನಡಿಗೆಯಲ್ಲಿ ಅಲ್ಲಿಗೆ ಬಂದು, ಮತ್ತೆ ಪಾಠ ಹೇಳುವುದು ಅವರ ದಿನಚರಿಯಾಯಿತು.

ಗೋದೂಬಾಯಿಯ ತಂಗಿ ಪಾರ್ವತೀಬಾಯಿ ಅಠವಲೆಯೂ ವಿಧವೆ, ಒಬ್ಬ ಮಗನ ತಾಯಿ. ಪ್ರಾಯ ಕಳೆದ ಮೇಲೆ ಅಕ್ಷರ ಕಲಿಯಲು ಕುಳಿತ ಈಕೆಯೇ ಮುಂದೆ ಆಶ್ರಮಕ್ಕಾಗಿ ಊರೂರು ತಿರುಗಿ ನಿಧಿ ಕೂಡಿಸಿದರು. 1918ರಲ್ಲಿ ಅಮೆರಿಕೆಗೂ ಹೋಗಿ, ಮನೆಗೆಲಸ ಮಾಡುತ್ತ ಇಂಗ್ಲಿಷ್ ಕಲಿತರು. ನೆರಳು ಬೇಡಿ ಬಂದವಳು ನೆರಳು ಕೊಡುವವಳಾದಳು! ಅಂಥ ಮನೆಯ ಹಿರಿಮೆಯನ್ನು ಅಳೆಯಬೇಕಾದದ್ದು ಎಷ್ಟು ಮಂದಿ ಒಳಗಿದ್ದಾರೆ ಎಂಬುದರಿಂದಲ್ಲ. ಹೊರಟವರು ಹೇಗೆ ಹೊರಟರು ಎಂಬುದರಿಂದ.

ಇಂದು ಈ ಹೊಣೆಯನ್ನು ಸರ್ಕಾರವೂ ಹೊತ್ತಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಂತೆ ನೊಂದವಳು ಕೋರಿದಾಗ ಆಶ್ರಯಗೃಹ ಇಂಬು ಕೊಡಲೇಬೇಕು. ಗಂಡನೊಡನೆ ಬಾಳಿದ ಮನೆಯಲ್ಲಿಯೂ ಆಕೆಗೆ ವಾಸದ ಹಕ್ಕುಂಟು. ‘ಸ್ವಾಧಾರ ಗೃಹ’ಗಳು 2022ರಲ್ಲಿ ‘ಶಕ್ತಿ ಸದನ’ ಯೋಜನೆಯೊಳಗೆ ಸೇರಿದವು. ಊಟವಸತಿ, ಕಾನೂನಿನ ನೆರವು, ಕಸಬಿನ ತರಬೇತಿ ಇವು ಅದರ ಅಂಗಗಳು.

ಆದರೂ ಈ ಮನೆ ತಂಗುದಾಣ, ಕೊನೆಯ ನಿಲ್ದಾಣವಲ್ಲ. ಒಂದು ದಿನ ಆಕೆ ಮಕ್ಕಳ ಕೈಹಿಡಿದು ಹೊರಡಲೇಬೇಕು. ಕೈಯಲ್ಲಿ ಕಸಬಿದ್ದರೂ, ಬಾಡಿಗೆಯ ಹಣವಿದ್ದರೂ, ‘ಯಜಮಾನರೆಲ್ಲಿ?’ ಎಂಬ ಮೊದಲ ಪ್ರಶ್ನೆಗೇ ಎಷ್ಟೋ ಬಾಗಿಲುಗಳು ಮುಚ್ಚುವುದುಂಟು. ಮೂರನೆಯ ಮನೆ ಮಾಡಬಲ್ಲದ್ದು ಅರ್ಧ ಕೆಲಸ. ಉಳಿದ ಅರ್ಧ, ಬಾಡಿಗೆಗೆ ಕೊಡಲು ಎರಡು ಕೋಣೆಯುಳ್ಳ ಸಂಸಾರಸ್ಥರ ಕೈಯಲ್ಲಿದೆ.