ಯುಗಾದಿಗೆ ಮೊಗ್ರಾ ಅರಳಬೇಕಾ? ಗಿಡಕ್ಕೆ ಈಗಲೇ ಉಪವಾಸ ಕೆಡವ್ರಿ

ಡಿಸೆಂಬರ್ ಚಳಿಯಲ್ಲಿ ಕೂತು ಇವನೇನು ಯುಗಾದಿ ಹೂವಿನ ಮಾತು ತೆಗೆದ ಅಂತ ಅನ್ನಿಸಬಹುದು. ಆದ್ರೆ ಚೈತ್ರದಲ್ಲಿ ನಿಮ್ಮ ಮನೆ ಮುಂದೆ ಹೂವು ಬಿಡುತ್ತೋ ಇಲ್ಲವೋ ಅನ್ನೋದು ತೀರ್ಮಾನ ಆಗೋದು ಈಗ, ಈ ಆರೇಳು ವಾರಗಳಲ್ಲಿ. ನಾನು ಇದನ್ನ ಕಲಿತದ್ದು ಒಂದು ಮೊಗ್ರಾ ಗಿಡವನ್ನ ಇನ್ನೇನು ಕೊಂದೇಬಿಟ್ಟೆ ಅನ್ನೋ ಹಂತಕ್ಕೆ ತಂದ ಮೇಲೆ.

ಆ ಗಿಡ ನಮ್ಮ ಆಯಿದು. ಔರಾದ್ ಮನೆಗೆ ಬೀಗ ಹಾಕಿ ಆಕೆಯನ್ನ ಬೀದರ್‌ಗೆ ಕರ್ಕೊಂಡು ಬಂದಾಗ ಆಯಿ ಒಂದೇ ಒಂದು ಹಟ ಮಾಡಿದ್ಲು: ಅಂಗಳದ ಮೊಗ್ರಾ ಬರಬೇಕು. ಬೇರು ಸಮೇತ ಅಗೆದು, ಕರಿ ಮಣ್ಣಿನ ಹೆಂಟೆ ಸಮೇತ ಒಂದು ಪ್ಲಾಸ್ಟಿಕ್ ಡ್ರಮ್ಮಿಗೆ ಇಳಿಸಿ, ಮಾಳಿಗಿ ಮೇಲೆ ಇಟ್ಟೆ. ದಿನಾ ಬೆಳಿಗ್ಗೆ ಒಂದು ಬಕೆಟ್ ನೀರು. ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಯೂರಿಯಾ. ಗಿಡ ಎಷ್ಟು ಹಸಿರಾಗಿತ್ತು ಅಂದ್ರೆ ಫೋಟೋ ತೆಗೆದು ಸ್ಟೇಟಸ್ ಹಾಕ್ತಿದ್ದೆ.

ಯುಗಾದಿ ಬಂತು. ಒಂದೂ ಮೊಗ್ಗಿಲ್ಲ. ಪೂಜೆಗೆ ಪೇಟೆಯಿಂದ ಹೂವು ತಂದ್ವಿ. ಆಯಿ ಏನೂ ಬೈಲಿಲ್ಲ. "ಎಲಿ ಚಂದ ಬಂದಾವ. ಎಲಿನೇ ದೇವರಿಗಿ ಏರಿಸ್ಲೇನು?" ಅಂದ್ಲು, ಅಷ್ಟೇ. ಮಳೆಗಾಲ ಬರೋ ಹೊತ್ತಿಗೆ ಎಲೆಗಳೂ ಹಳದಿಯಾಗಿ ಉದುರೋಕೆ ಶುರುವಾದ್ವು.

ನಮ್ಮ ವಸಂತ ಬೇರೆ, ಅವರ ವಸಂತ ಬೇರೆ

ಮೊದಲು ಒಂದು ಲೆಕ್ಕ ಹೇಳ್ತೀನಿ. ಚೆಂಡು ಹೂವಿನಂಥ ಗಿಡ ಒಂದೇ ಹಂಗಾಮಿಂದು. ಹೂವು ಬಿಟ್ಟು, ಬೀಜ ಕೊಟ್ಟು, ಮುಗಿದುಹೋಗುತ್ತೆ. ಬಿ.ಕಾಂ. ಭಾಷೆಯಲ್ಲಿ ಅದು ಆ ವರ್ಷದ ಖರ್ಚು. ಮಲ್ಲಿಗೆ, ಕಾಗದದ ಹೂವು, ದೇವಕಣಗಿಲೆ, ಗಡ್ಡೆ ಲಿಲ್ಲಿ ಇವೆಲ್ಲ ಬಹುವಾರ್ಷಿಕ, ಅಂದ್ರೆ ಬಂಡವಾಳ. ಒಮ್ಮೆ ನೆಟ್ರೆ ವರ್ಷಾನುವರ್ಷ ಹೂವು ಕೊಡ್ತಾವೆ. ಆದ್ರೆ ಹೂವು ಬಿಡೋಕೆ ಅವಕ್ಕೆ ಒಂದು ಸೂಚನೆ ಸಿಗಬೇಕು.

ಟುಲಿಪ್‌ಗೆ ಆ ಸೂಚನೆ ಚಳಿ. ಸುಮಾರು 12ರಿಂದ 16 ವಾರ, 10 ಡಿಗ್ರಿಗಿಂತ ಕಡಿಮೆ ತಂಪು ಬೇಕು. ಅದಕ್ಕೇ ಶ್ರೀನಗರದ ಟುಲಿಪ್ ತೋಟ ಮಾರ್ಚ್-ಏಪ್ರಿಲ್‌ನಲ್ಲಿ ತುಂಬಿ ಅರಳುತ್ತೆ. ನಮ್ಮ ಬೀದರ್‌ನಲ್ಲೂ ಡಿಸೆಂಬರ್-ಜನವರಿಯ ಕೆಲವು ರಾತ್ರಿ 10 ಡಿಗ್ರಿ ಕೆಳಗೆ ಇಳಿಯುತ್ತೆ, ನಿಜ. ಆದ್ರೆ ಮಧ್ಯಾಹ್ನ ಬಿಸಿಲು ಚುರುಚುರು ಅನ್ನುತ್ತೆ. ಆನ್‌ಲೈನ್‌ನಲ್ಲಿ ಗಡ್ಡೆ ತರಿಸಿ ದುಡ್ಡು ಕಳೆದವರಲ್ಲಿ ನಾನೂ ಒಬ್ಬ. ನೀವು ಆ ದಾರಿ ಹಿಡಿಬ್ಯಾಡ್ರಿ.

ನಮ್ಮ ಕಡೆ ವಸಂತದ ಗಿಡಗಳಿಗೆ ದೊಡ್ಡ ಸೂಚನೆ ಅಂದ್ರೆ ಒಣಗು ಕಾಲ. ಫಾಲ್ಗುಣದಲ್ಲಿ ಭಾಲ್ಕಿ ರಸ್ತೆಯ ಕಡೆ ಮುತ್ತುಗದ ಮರ ನೋಡ್ರಿ. ಎಲೆ ಉದುರಿಸಿ, ಬರೀ ಕೊಂಬೆ ಮೇಲೆ ಕೆಂಡದಂಥ ಹೂವು ಹೊತ್ತು ನಿಂತಿರುತ್ತೆ. ಅದಕ್ಕೆ ಯಾರೂ ಬಕೆಟ್ ನೀರು ಹಾಕಿಲ್ಲ.

ಮೊಗ್ರಾ ಹೂವು ಬಿಡೋದು ಹೊಸ ಚಿಗುರಿನ ತುದಿಯಲ್ಲಿ. ಹಳೇ ಟೊಂಗೆ ಹಂಗೇ ಇದ್ದು, ನೀರು, ಯೂರಿಯಾ ಸಿಗ್ತಾನೇ ಇದ್ರೆ ಗಿಡ ಎಲೆ ಬೆಳೆಸ್ಕೊಂಡು ಆರಾಮಾಗಿ ಇರುತ್ತೆ. ಸ್ವಲ್ಪ ದಿನ ನೀರು ತಡೆದು, ಆಮೇಲೆ ಸವರಿ, ಗೊಬ್ಬರ ಕೊಟ್ಟು ನೀರು ಬಿಟ್ರೆ ಬಿಸಿಲು ಏರಿದ ಹಾಗೆ ಚಿಗುರು ಬರುತ್ತೆ, ಚಿಗುರಿನ ಜೊತೆ ಮೊಗ್ಗು ಬರುತ್ತೆ. ತಮಿಳುನಾಡಿನಲ್ಲಿ ಮಲ್ಲಿಗೆ ಬೆಳೆಯೋ ರೈತರು ನವೆಂಬರ್ ಕೊನೆಗೆ ಗಿಡ ಸವರಿ, ಮಾರ್ಚ್‌ನಿಂದ ಹೂವು ಕೀಳೋದು ಇದೇ ಲೆಕ್ಕದ ಮೇಲೆ.

ಇದನ್ನ ಓದಿ ಆಯಿಗೆ ಹೇಳಿದೆ. ಆಕೆ ನಕ್ಕು, "ಔರಾದ್‌ದಾಗ ಚಳಿಗಾಲಕ್ಕ ನಮಗೇ ನೀರು ಸಾಲ್ತಿದ್ದಿಲ್ಲ, ಗಿಡಕ್ಕೆಲ್ಲಿಂದ ಹಾಕ್ಲಿ? ಅದು ಉಪಾಸ ಬೀಳ್ತಿತ್ತು, ಹೂ ಬಿಡ್ತಿತ್ತು" ಅಂದ್ಲು. ನೀರಿನ ಕೊರತೆ ಅಲ್ಲಿ ಗಿಡಕ್ಕೆ ಮಾಡ್ತಿದ್ದ ಕೆಲಸವನ್ನ ನನ್ನ ದಿನದ ಬಕೆಟ್ಟು ಇಲ್ಲಿ ತಪ್ಪಿಸಿತ್ತು.

ಮಣ್ಣು ನೋಡಿ ನೀರು ಹಾಕ್ರಿ

ಇನ್ನೊಂದು ತಪ್ಪು ಮಣ್ಣಿಂದು. ಬೀದರ್ ಊರು ಕೂತಿರೋದು ಕೆಂಪು ಜಂಬಿಟ್ಟಿಗೆ ಕಲ್ಲಿನ ದಿಣ್ಣೆ ಮೇಲೆ. ಆ ಕಲ್ಲಲ್ಲಿ ನೀರು ಸರಸರ ಇಳಿಯುತ್ತೆ, ಕೆಳಗಿನ ಗಟ್ಟಿ ಕರಿ ಕಲ್ಲು ಸಿಕ್ಕಾಗ ನಿಲ್ಲುತ್ತೆ. ನೌಬಾದ್‌ನ ಸುರಂಗ ಬಾವಿಗೆ ನೀರು ಸಿಕ್ಕಿದ್ದೂ ಇದೇ ಗುಣದಿಂದ. ಕೆಂಪು ಮಣ್ಣಿನ ಕುಂಡ ಬೇಗ ಒಣಗುತ್ತೆ. ಔರಾದ್, ಭಾಲ್ಕಿ ಕಡೆ ಹೆಚ್ಚಾಗಿರೋದು ಕರಿ ಎರೆ ಮಣ್ಣು. ಅದು ನೀರು ಹಿಡಿದು ಕೂರುತ್ತೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತೆ. ಹೊಲದಲ್ಲಿ ಅದೇ ಅದರ ಬಲ. ಆದ್ರೆ ಸರಿಯಾಗಿ ತೂತಿಲ್ಲದ ಡ್ರಮ್ಮಿನಲ್ಲಿ ದಿನಾ ನೀರು ಹಾಕಿದ್ರೆ ಬೇರಿಗೆ ಗಾಳಿ ಸಿಗಲ್ಲ, ಕೊಳೆಯುತ್ತೆ. ನಮ್ಮ ಗಿಡ ಹಳದಿಯಾಗಿದ್ದು ಹಂಗೇ.

ಪರೀಕ್ಷೆ ಸುಲಭ. ಬೆರಳನ್ನ ಎರಡು ಇಂಚು ಮಣ್ಣಿಗೆ ಚುಚ್ಚಿ ನೋಡ್ರಿ. ಹಸಿ ತಾಗಿದ್ರೆ ಅವತ್ತು ನೀರು ಬೇಡ. ಕುಂಡಕ್ಕೆ ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಸಮಪಾಲು. ಕರಿ ಮಣ್ಣಾದ್ರೆ ಮರಳು ಇನ್ನೂ ಸ್ವಲ್ಪ ಜಾಸ್ತಿ. ತಳದಲ್ಲಿ ನಾಲ್ಕೈದು ತೂತು ಇರಲೇಬೇಕು.

ಈಗಿನಿಂದ ಯುಗಾದಿವರೆಗೆ

ಮೊಗ್ರಾಗೆ ಡಿಸೆಂಬರ್ ಎರಡನೇ ವಾರದಿಂದ ಸುಮಾರು ಹದಿನೈದು ದಿನ ನೀರು ಕಡಿಮೆ ಮಾಡ್ರಿ. ಕುಂಡದ ಗಿಡ ಪೂರ್ತಿ ಬಾಡೋಕೆ ಬಿಡಬಾರದು. ಎಲೆ ಜೋತು ಬಿದ್ರೆ ಒಂದೆರಡು ಲೋಟ ಸಾಕು. ಆಮೇಲೆ ನೆಲದಿಂದ ಒಂದೂವರೆ ಅಡಿ ಬಿಟ್ಟು ಟೊಂಗೆ ಕತ್ತರಿಸ್ರಿ. ಒಣಗಿದ ಕಡ್ಡಿ, ಉಳಿದ ಹಳೇ ಎಲೆ ತೆಗೀರಿ. ಬುಡ ಕೆದಕಿ ಎರಡು ಮೂರು ಹಿಡಿ ಗೊಬ್ಬರ ಹಾಕಿ, ಚೆನ್ನಾಗಿ ನೀರು ಬಿಡ್ರಿ. ದಿನಕ್ಕೆ ಆರು ತಾಸಾದ್ರೂ ನೇರ ಬಿಸಿಲು ಬೇಕು. ಯೂರಿಯಾ ಮರೆತುಬಿಡ್ರಿ, ಅದು ಎಲೆಯನ್ನಷ್ಟೇ ಎಬ್ಬಿಸುತ್ತೆ. ಮೊಗ್ಗು ಕಂಡ ಮೇಲೆ ಮಾತ್ರ ನೀರು ತಪ್ಪಿಸಬಾರದು, ಉಪವಾಸ ಅಲ್ಲಿಗೆ ಮುಗೀತು.

ಕಾಗದದ ಹೂವಿಗೂ ಇದೇ ಮಾತು. ಅದರಲ್ಲಿ ಬಣ್ಣದ್ದು ಹೂವೇ ಅಲ್ಲ, ಎಲೆ. ನಿಜವಾದ ಹೂವು ಮಧ್ಯದಲ್ಲಿರೋ ಸಣ್ಣ ಬಿಳಿದು. ಭಾಲ್ಕಿಯಲ್ಲಿ ನಮ್ಮ ಚಿಗವ್ವನ ಮನೆಯ ಬಳ್ಳಿ ಮಾಳಿಗಿ ಮುಟ್ಟಿತ್ತು, ಆದ್ರೆ ಬಣ್ಣ ಇಲ್ಲ. ನೋಡಿದ್ರೆ ಬಚ್ಚಲ ನೀರು ದಿನಾ ಅದರ ಬುಡಕ್ಕೇ ಹೋಗ್ತಿತ್ತು. ಆ ನೀರನ್ನ ಬಾಳೆ ಕಡೆ ತಿರುಗಿಸಿದ್ವಿ. ಮುಂದಿನ ಬೇಸಿಗೆಗೆ ಗೋಡೆ ತುಂಬಾ ರಾಣಿ ಬಣ್ಣ.

ಕೆಂಪು ಅಮರಿಲಿಸ್ ಲಿಲ್ಲಿ ಇದ್ರೆ ಡಿಸೆಂಬರ್, ಜನವರಿ ಎರಡು ತಿಂಗಳು ನೀರು ನಿಲ್ಲಿಸಿ, ಫೆಬ್ರವರಿಯಲ್ಲಿ ಮತ್ತೆ ಶುರು ಮಾಡ್ರಿ. ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲೆ ಕಾಣ್ತಿರಬೇಕು. ದೇವಕಣಗಿಲೆ ಚಳಿಗಾಲದಲ್ಲಿ ಬೋಳಾದ್ರೆ ಸತ್ತಿದೆ ಅಂತ ಕಿತ್ತು ಒಗೀಬ್ಯಾಡ್ರಿ, ಅದು ಮಲಗಿರುತ್ತೆ. ಕೊಂಬೆ ನೆಡೋದಾದ್ರೆ ಕತ್ತರಿಸಿ ಒಂದು ವಾರ ನೆರಳಲ್ಲಿ ಒಣಗಿಸಿ ನೆಡ್ರಿ. ಮಾಮೂಲಿ ಕಣಗಿಲೆ ಬೇಸಿಗೆಗೆ ಗಟ್ಟಿ ಗಿಡ, ಆದ್ರೆ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಸಣ್ಣ ಮಕ್ಕಳು, ದನ ಇರೋ ಮನೆಯಲ್ಲಿ ಬೇಡ.

ಗಿಡಕ್ಕೆ ರೋಗ ಬಿದ್ದು ಏನಂತ ಗೊತ್ತಾಗದಿದ್ರೆ ಬೀದರ್‌ನಲ್ಲೇ ತೋಟಗಾರಿಕೆ ಕಾಲೇಜಿದೆ. ಬಾಡಿದ ಟೊಂಗೆ ಒಂದು ಕವರಿನಲ್ಲಿ ಹಾಕ್ಕೊಂಡು ಹೋಗಿ ಕೇಳ್ರಿ.

ನಮ್ಮ ಡ್ರಮ್ಮಿನ ಮೊಗ್ರಾ ಏನಾಯ್ತು? ಮಳೆಗಾಲದಲ್ಲೇ ಮಣ್ಣು ಬದಲಿಸಿ, ಡ್ರಮ್ಮಿಗೆ ತೂತು ಕೊರೆದೆ. ಕಳೆದ ಡಿಸೆಂಬರ್‌ನಲ್ಲಿ ನೀರು ಹಿಡಿದೆ. ಸವರೋ ದಿನ ನನ್ನ ಕೈ ನಡುಗಿತು, ಕತ್ತರಿ ಆಯಿನೇ ಇಸ್ಕೊಂಡ್ಲು. ಯುಗಾದಿ ದಿನ ಬೆಳಿಗ್ಗೆ ಎಣಿಸಿದ್ರೆ ಹನ್ನೊಂದು ಹೂವು. ಮಾಲೆಗೆ ಸಾಲಲ್ಲ. ಹತ್ತು ದೇವರಿಗೆ ಹೋಯ್ತು, ಒಂದು ಆಯಿಯ ತುರುಬಿಗೆ.

ಈ ವಾರ ನಿಮ್ಮ ಮನೆಯ ಗಿಡದ ಮಣ್ಣು ಮುಟ್ಟಿ ನೋಡಿ, ಕೆಂಪೋ ಕರಿಯೋ, ಹಸಿಯೋ ಒಣವೋ ಅಂತ ವಾಯ್ಸ್ ನೋಟ್ ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೆ ಆ ಬಕೆಟ್ ಸ್ವಲ್ಪ ಕೆಳಗಿಡ್ರಿ.