ಬಿದಿರಿನ ಅಲಗು, ಬೇಗಡೆಯ ಹೊಳಪು

ತರುಣ ಸಮುರಾಯಿಯೊಬ್ಬ ದೊಡ್ಡ ಮನೆತನವೊಂದರ ಬಾಗಿಲಿಗೆ ಬರುತ್ತಾನೆ. ನಿಮ್ಮ ಅಂಗಳದಲ್ಲಿ ಹೊಟ್ಟೆ ಬಗೆದುಕೊಂಡು ಮಾನವಾಗಿ ಸಾಯಲು ಅಪ್ಪಣೆ ಕೊಡಿ ಎಂದು ಕೇಳುತ್ತಾನೆ. ನಾಲ್ಕು ಕಾಸು ಕೈಗಿಟ್ಟು ಸಾಗಹಾಕಿಯಾರು ಎಂಬ ಆಸೆ ಅವನದು. ಅವರೋ, ಅಪ್ಪಣೆಯನ್ನೇ ಕೊಟ್ಟುಬಿಡುತ್ತಾರೆ. ಅವನ ಒರೆಯೊಳಗೆ ಇರುವುದು ಬಿದಿರಿನ ಸೀಳು. ಉಕ್ಕಿನ ಅಲಗು ಮನೆಯವರ ಕಾಯಿಲೆ ಕಸಾಲೆಗೆ ಎಂದೋ ಮಾರಿಹೋಗಿದೆ. ಅದನ್ನು ತಿಳಿದೂ, ಆ ಬಿದಿರಿನಿಂದಲೇ ಸಾಯಿ ಎನ್ನುತ್ತಾರೆ. ಮಸಾಕಿ ಕೊಬಯಾಶಿಯವರ 1962ರ ‘ಹರಾಕಿರಿ’ ಚಿತ್ರದ ಈ ದೃಶ್ಯವನ್ನು ನಾನು ಎರಡನೇ ಸಲ ಪೂರ್ತಿ ನೋಡಿಲ್ಲ.

ಬಿದಿರಿನ ಕತ್ತಿಯ ಕಥೆ ಹೇಳುವ ಈ ಚಿತ್ರದ ಕಾಳಗಗಳಲ್ಲಿ ಬಳಸಿದ್ದು ಮಾತ್ರ ನಿಜವಾದ ಕತ್ತಿಗಳನ್ನು. ನಾಯಕ ತತ್ಸುಯ ನಕಡೈ ಇದನ್ನು ಸಂದರ್ಶನಗಳಲ್ಲಿ ಹೇಳಿದ್ದಾರೆ, ಆಗ ತನಗಾದ ಭಯವನ್ನೂ ಮುಚ್ಚಿಟ್ಟಿಲ್ಲ. ಗಾಳಿ ಬೀಸುವ ಹುಲ್ಲುಬಯಲಿನಲ್ಲಿ ಅವರೂ ತೆತ್ಸುರೊ ತಂಬಾ ಅವರೂ ಎದುರುಬದುರಾಗುವ ದೃಶ್ಯವನ್ನು ಈ ಸಂಗತಿ ಗೊತ್ತಿದ್ದು ನೋಡಬೇಕು. ಇಬ್ಬರಿಗೂ ಅವಸರವಿಲ್ಲ. ಹೆಜ್ಜೆ ಅಳೆದು ಇಡುತ್ತಾರೆ, ಹತ್ತಿರವಾಗಲು ಹಿಂದೆಮುಂದೆ ನೋಡುತ್ತಾರೆ. ವಿಮರ್ಶಕರು ಅದನ್ನು ಗಾಂಭೀರ್ಯ ಎಂದಾರು. ಅರ್ಧಪಾಲು ಜೀವಭಯ ಎಂದೇ ನನಗೆ ಅನಿಸುತ್ತದೆ.

ಮಾಮೂಲಿ ಜಪಾನಿ ಕತ್ತಿವರಸೆಯ ಚಿತ್ರಗಳಲ್ಲಿ ಬಳಕೆಯಾಗುವುದು ‘ತಕೆಮಿತ್ಸು’. ತಕೆ ಎಂದರೆ ಬಿದಿರು. ಹೆಸರಾಂತ ಕಮ್ಮಾರರ ಹೆಸರುಗಳ ಕೊನೆಯಲ್ಲಿ ಬರುತ್ತಿದ್ದ ‘ಮಿತ್ಸು’ವನ್ನು ಅದಕ್ಕೆ ಅಂಟಿಸಿ, ಕತ್ತಿ ಮಾರಿಕೊಂಡ ಬಡ ಸಮುರಾಯಿಗಳನ್ನು ಗೇಲಿ ಮಾಡಲು ಹುಟ್ಟಿಸಿದ ಪದ ಅದು. ಗೇಲಿಯ ಮಾತು ಆಮೇಲೆ ಸ್ಟುಡಿಯೊಗಳ ಕಸುಬಿನ ಮಾತಾಯಿತು. ಬಿದಿರನ್ನೋ ಮರವನ್ನೋ ಅಲಗಿನ ಆಕಾರಕ್ಕೆ ಹೆರೆದು, ಮೇಲೆ ಬೆಳ್ಳಿಬಣ್ಣದ ಹಾಳೆ ಅಂಟಿಸಿದರೆ ತಕೆಮಿತ್ಸು ಸಿದ್ಧ. ಕ್ಯಾಮೆರಾ ಹತ್ತಿರ ಬಂದಾಗ ಡ್ಯುರಾಲುಮಿನ್ ಎಂಬ ಹಗುರ ಮಿಶ್ರಲೋಹದ ಅಲಗು ಕೈಗೆ ಬರುತ್ತದೆ.

ಈ ಬೆಳ್ಳಿಹಾಳೆಯ ಕಸುಬು ನಮಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಯಕ್ಷಗಾನದ ಚೌಕಿಗೆ ನುಗ್ಗಿ, ರಕ್ಕಸ ವೇಷದ ಕತ್ತಿಯನ್ನು ಕದ್ದು ಎತ್ತಿದ್ದೆ. ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದವನಿಗೆ ಅದು ಹೂವಿನಂತೆ ಮೇಲೆದ್ದು ಬಂತು. ಮರದ ಹಲಗೆ, ಮೇಲೆ ಬೇಗಡೆ. ಅಂದು ರಾತ್ರಿ ರಂಗದ ಮೇಲೆ ಅದೇ ಕತ್ತಿಯನ್ನು ಎತ್ತಲು ರಕ್ಕಸ ಪಟ್ಟ ಪಾಡು ನೋಡಿ ನನಗೆ ಮತ್ತೆ ಗೊಂದಲ.

ಜಪಾನಿ ಕತ್ತಿ ಸುಮಾರು 1 ಕಿಲೊ ತೂಗುತ್ತದೆ. ಬಿದಿರಿಗೆ ಆ ಭಾರವಿಲ್ಲ. ಅದನ್ನು ನಟ ತನ್ನ ಸೊಂಟದಲ್ಲಿ, ಭುಜದಲ್ಲಿ ತಾನೇ ಹುಟ್ಟಿಸಿಕೊಳ್ಳಬೇಕು. ಹರಿತದ ಮಾತು ಬೇರೆ. ಅದನ್ನು ತೋರಿಸಿಕೊಡಬೇಕಾದವನು ಏಟು ತಿಂದು ಸಾಯುವವನು. ಅಲ್ಲಿ ಅದಕ್ಕೆಂದೇ ‘ಕಿರರೆಯಾಕು’, ಅಂದರೆ ಕಡಿಸಿಕೊಳ್ಳುವವರು ಎಂಬ ನಟವರ್ಗ ಇದೆ. ಸೇಜೊ ಫುಕುಮೊತೊ ಅವರಲ್ಲಿ ಹೆಸರುವಾಸಿ. 15ನೇ ವಯಸ್ಸಿಗೆ ಕ್ಯೋಟೊದ ತೋಯೆ ಸ್ಟುಡಿಯೊ ಸೇರಿದವರು ಬದುಕಿಡೀ ಸತ್ತರು. 50 ಸಾವಿರ ಸಲ ಎಂಬುದು ಅವರ ಹೆಸರಿನ ಜೊತೆಗೇ ಓಡಾಡುತ್ತಿದ್ದ ಲೆಕ್ಕ. ಏಟು ಬಿದ್ದೊಡನೆ ಸೀಗಡಿಯ ಹಾಗೆ ಬೆನ್ನು ಹಿಂದಕ್ಕೆ ಬಾಗಿಸಿ, ಒಂದು ಕ್ಷಣ ಹಾಗೇ ನಿಂತು, ಆಮೇಲೆ ಉರುಳುತ್ತಿದ್ದರು. ಕಡಿದ ತಾರೆಯ ಮುಖಕ್ಕೆ ಕ್ಯಾಮೆರಾ ಇದ್ದರೂ ನೋಡುಗನ ಕಣ್ಣು ಇವರ ಬೆನ್ನಿನ ಮೇಲೆ. ‘ದಿ ಲಾಸ್ಟ್ ಸಮುರಾಯ್’ (2003) ಚಿತ್ರದಲ್ಲಿ ಟಾಮ್ ಕ್ರೂಸ್‌ನ ಬೆನ್ನಹಿಂದೆ ಮಾತಿಲ್ಲದೆ ಸುಳಿಯುವ ಮುದುಕ ಇವರೇ. ಮುಖ್ಯ ಪಾತ್ರ ಸಿಗಲು 2014ರ ‘ಉಜುಮಾಸ ಲೈಮ್‌ಲೈಟ್’ವರೆಗೆ ಕಾಯಬೇಕಾಯಿತು. ಅದರಲ್ಲೂ ಅವರು ಕಡಿಸಿಕೊಳ್ಳುವ ನಟನೇ!

ಇನ್ನು ಸದ್ದು. ಮಾಂಸಕ್ಕೆ ಕತ್ತಿ ಇಳಿಯುವ ಸದ್ದನ್ನು ಕುರೊಸಾವ ಅವರ ‘ಯೊಜಿಂಬೊ’ (1961) ಚಿತ್ರಕ್ಕೆ ಮಾಡಿದ್ದು ಕೋಳಿಯೊಳಗೆ ಊಟದ ಕಡ್ಡಿಗಳನ್ನು ತುಂಬಿ ಕಡಿದು. ಕತ್ತಿ ಬಿದಿರಿನದಾದರೂ ಕಿವಿಗೆ ಬಿದ್ದದ್ದು ಮೂಳೆ ಮುರಿದ ಸದ್ದೇ.

ಇಷ್ಟೆಲ್ಲ ಉಪಾಯ ಕೈಯಲ್ಲಿರುವಾಗ ನಿಜವಾದ ಕತ್ತಿಯ ಹಂಗು ಯಾಕೆ ಎಂದು ಕೇಳಬಹುದು. ಆ ಹಂಗಿಗೆ ತೆತ್ತ ಬೆಲೆಯೂ ಇದೆ. 1988ರ ಡಿಸೆಂಬರಿನಲ್ಲಿ ಶಿಂತಾರೊ ಕತ್ಸು ನಿರ್ದೇಶಿಸಿ ನಟಿಸುತ್ತಿದ್ದ ‘ಜಾತೊಯಿಚಿ’ಯ ಚಿತ್ರೀಕರಣದಲ್ಲಿ ಒಬ್ಬ ನಟನ ಕೈಯಲ್ಲಿ ನಿಜವಾದ ಕತ್ತಿ ಇತ್ತು. ಅದು ಎದುರಿದ್ದ ಸಹನಟನ ಕತ್ತಿಗೆ ತಗಲಿತೆಂದುಕೊಂಡು ಮೊದಲು ಯಾರೂ ಗಾಬರಿಯಾಗಿರಲಿಕ್ಕಿಲ್ಲ. ಆದರೆ ತಗಲಿದ್ದು ಕುತ್ತಿಗೆಗೆ. ಆತ ಉಳಿಯಲಿಲ್ಲ. ನಟನೆಯಲ್ಲಿ ಬೀಳುವುದಕ್ಕೂ ನಿಜವಾಗಿ ಬೀಳುವುದಕ್ಕೂ ನೋಡಲು ವ್ಯತ್ಯಾಸವೇ ಇರದ ಜಾಗ ಅದು. ಚಿತ್ರ 1989ರಲ್ಲಿ ತೆರೆಕಂಡಿತು. ನಕಡೈ ಅವರ ನಿಧಾನದ ಹೆಜ್ಜೆಗಳನ್ನು ಮೆಚ್ಚಿಕೊಳ್ಳುವಾಗ ನನಗೆ ಈ ಸಾವು ನೆನಪಾಗಿ ಕಸಿವಿಸಿಯಾಗುತ್ತದೆ.

‘ಹರಾಕಿರಿ’ಯನ್ನು ತಕಾಶಿ ಮಿಯಿಕೆ 2011ರಲ್ಲಿ ಮತ್ತೆ ತೆಗೆದರು. ಹಳೆಯ ಚಿತ್ರದಲ್ಲಿ, ಬಿದಿರಿನಿಂದ ಸತ್ತ ಆ ತರುಣನ ಮಾವ ಉಕ್ಕಿನ ಕತ್ತಿ ಹಿಡಿದು ಇಡೀ ಮನೆತನದ ಮೇಲೆ ಬಿದ್ದಿದ್ದ. ಹೊಸದರಲ್ಲಿ ಅವನ ಕೈಯಲ್ಲಿರುವುದು ಬಿದಿರು. ಬೇಗಡೆ ಅಂಟಿಸಿ ಮರೆಮಾಡುವ ಗೋಜಿಲ್ಲದ, ಬಿದಿರೆಂದೇ ಕಾಣುವ ಬಿದಿರು. ಸುತ್ತುವರಿದವರ ಕತ್ತಿಗಳೆಲ್ಲ ಥಳಥಳ ಹೊಳೆಯುತ್ತಿವೆ.