ಒಂದು ಟ್ವೀಟ್ ಹತ್ತಿಸಿದ ಹಾಲಿನ ಜಗಳ

2023ರ ಏಪ್ರಿಲ್ 5. ಬೆಂಗಳೂರಿಗೆ ತಾಜಾ ಹಾಲು, ಮೊಸರು ತರುತ್ತಿದ್ದೇವೆ ಎಂದು ಗುಜರಾತಿನ ಅಮುಲ್ ಟ್ವೀಟ್ ಮಾಡಿತು. ಕಂಪನಿಯ ಲೆಕ್ಕದಲ್ಲಿ ಅದು ಮಾಮೂಲಿ ಜಾಹೀರಾತು.

ಕನ್ನಡಿಗರು ಓದಿಕೊಂಡಿದ್ದೇ ಬೇರೆ.

ಕೆಲವೇ ದಿನಗಳ ಹಿಂದೆ ಮೊಸರಿನ ಪ್ಯಾಕೆಟ್ ಮೇಲೆ ‘ದಹಿ’ ಎಂದು ಮುದ್ರಿಸಿ ಎಂಬ ಸೂಚನೆ ಬಂದು, ವಿರೋಧಕ್ಕೆ ಮಣಿದ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ಸಡಿಲಿಸಿತ್ತು. 2022ರ ಡಿಸೆಂಬರಿನಲ್ಲಿ ಮಂಡ್ಯಕ್ಕೆ ಬಂದಿದ್ದ ಅಮಿತ್ ಶಾ, ಅಮುಲ್ ಮತ್ತು ‘ನಂದಿನಿ’ ಹಾಲು ಮಾರುವ ಕರ್ನಾಟಕ ಹಾಲು ಮಹಾಮಂಡಳ (ಕೆಎಂಎಫ್) ಕೈಜೋಡಿಸಬೇಕು ಎಂದಿದ್ದರು. ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ ಬೇರೆ. ಇಷ್ಟೆಲ್ಲ ಕುದಿಯುತ್ತಿದ್ದಾಗ ಆ ಟ್ವೀಟ್ ಬಿತ್ತು.

‘ಸೇವ್ ನಂದಿನಿ’, ‘ಗೋ ಬ್ಯಾಕ್ ಅಮುಲ್’ ಹ್ಯಾಶ್‌ಟ್ಯಾಗ್‌ಗಳು ಟ್ರೆಂಡ್ ಆದವು. ನಂದಿನಿಯನ್ನೇ ಬಳಸಿ ಎಂದು ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ಕರೆ ಕೊಟ್ಟಿತು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಪ್ರಶ್ನಿಸಿದರು, ಅಂದಿನ ಮುಖ್ಯಮಂತ್ರಿ ಬೊಮ್ಮಾಯಿ ಉತ್ತರಿಸಬೇಕಾಯಿತು.

ಗಮನಿಸಬೇಕಾದ ಸಂಗತಿಯೊಂದಿದೆ. ಆಗ ನಂದಿನಿ ಟೋನ್ಡ್ ಹಾಲಿನ ಬೆಲೆ ಲೀಟರಿಗೆ 39 ರೂಪಾಯಿ. ಅಮುಲ್ ಅದಕ್ಕಿಂತ ಸಾಕಷ್ಟು ದುಬಾರಿ. ಬರೀ ಬೆಲೆಯ ಮಾತಾಗಿದ್ದರೆ ನಂದಿನಿಗೆ ಹೆದರಿಕೆಯೇ ಇರಲಿಲ್ಲ. ಜನ ಕಾಯಲು ನಿಂತದ್ದು ಹಳ್ಳಿಹಳ್ಳಿಯ ಹಾಲು ಸಂಘಗಳನ್ನು, ಲಕ್ಷಾಂತರ ರೈತರು ತಾವೇ ಕಟ್ಟಿದ ಒಡೆತನವನ್ನು. ಆ ಭಾವನೆಯನ್ನು ಯಾವ ಜಾಹೀರಾತು ಸಂಸ್ಥೆಯೂ ಬರೆದುಕೊಟ್ಟಿರಲಿಲ್ಲ.

ಆನ್‌ಲೈನ್‌ನಲ್ಲಷ್ಟೇ ಮಾರುತ್ತೇವೆ, ನಂದಿನಿಯೊಂದಿಗೆ ಪೈಪೋಟಿಯಿಲ್ಲ ಎಂದು ಅಮುಲ್ ಸಮಜಾಯಿಷಿ ಕೊಟ್ಟಿತು.

2025ರ ಜೂನ್‌ನಲ್ಲಿ ನಮ್ಮ ಮೆಟ್ರೋದ 10 ನಿಲ್ದಾಣಗಳಲ್ಲಿ ಅಮುಲ್ ಮಳಿಗೆಗೆ ಅನುಮತಿ ಸಿಕ್ಕಿದಾಗ ಮತ್ತೆ ಅದೇ ಗದ್ದಲ. ಎರಡು ಆಗಲೇ ತೆರೆದಿದ್ದವು. ಉಳಿದ ಎಂಟನ್ನು ನಂದಿನಿಗೆ ಕೊಡಲು ಹೇಳಿರುವುದಾಗಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಪ್ರಕಟಿಸಿದರು.